ಗಂಟು ಬಿಚ್ಚಿದ ಖಾಜಿ

ಸಬ್ಹಾಳ ಬೆಳಗು ಬೈಗುಳದಿಂದಲೇ ಆರಂಭವಾಗಬೇಕು. ಮೊದಲು ಹೊಗೆ ಉಗುಳುವ ಒಲೆಗೆ, ಆಮೇಲೆ ಡೇರೆಯ ಹಗ್ಗ ಅಗಿಯುವ ಕರಿ ಆಡಿಗೆ, ಕೊನೆಗೆ ಎದುರಿನ ಕೆಂಪು ಬಂಡೆಯ ಮೇಲೆ ಆಗಲೇ ಬಂದು ಕೂತಿರುವ ಬೆಟ್ಟಗಾಗೆಗೆ. ಮೂವರಿಗೂ ಸರಿಯಾಗಿ ಹಂಚಿ ಮುಗಿಸಿದ ಮೇಲೆಯೇ ಅವಳು ಚಹಾಕ್ಕೆ ನೀರಿಡುತ್ತಿದ್ದದ್ದು.

“ಬಂದ್ಯಾ ಖಾಜಿ? ಇನ್ನೂ ಸೂರ್ಯನೇ ಕಣ್ ಬಿಟ್ಟಿಲ್ಲ, ನಿಂಗಾಗ್ಲೇ ಹಸಿವಾ?”

ಕಾಗೆ ಗಂಟಲೊಳಗೆ ಗುಳಗುಳ ಎಂದು ಏನೋ ಹೇಳುತ್ತಿತ್ತು. ‘ತಡ ಆಯ್ತು, ಹೊರಡು’ ಎಂದೇ ಇರಬೇಕು, ಏಕೆಂದರೆ ಸಬ್ಹಾ ಅದಕ್ಕೂ ಒಂದು ಉತ್ತರ ಕೊಡುತ್ತಿದ್ದಳು.

ಸಿನಾಯ್ ಬೆಟ್ಟಗಳ ಈ ಕಾಗೆ ಅಂಗಳದಲ್ಲಿ ಅನ್ನದಗುಳು ಹೆಕ್ಕುವ ಕಾಗೆಯಲ್ಲ. ಹುಂಜದಷ್ಟು ದೊಡ್ಡದು, ಕತ್ತಿಗೆ ಕಂದುಬಣ್ಣದ ಹೊಳಪು, ಕೊಕ್ಕು ಇಕ್ಕಳವೇ ಸರಿ. ನಡೆದರೆ ಕೈ ಹಿಂದೆ ಕಟ್ಟಿಕೊಂಡು ಪಂಚಾಯ್ತಿಗೆ ಹೊರಟ ಹಿರಿಯರ ಗತ್ತು. ತಲೆ ಓರೆ ಮಾಡಿ ನೋಡಿತೆಂದರೆ ಎರಡೂ ಕಡೆಯ ವಾದ ಕೇಳಿಯೇ ತೀರ್ಪು ಕೊಡುತ್ತೇನೆ ಎನ್ನುವ ಠೀವಿ. ಅದಕ್ಕೇ ಅವಳು ಅದಕ್ಕೆ ಖಾಜಿ ಎಂದು ಹೆಸರಿಟ್ಟಿದ್ದು. “ತೀರ್ಪು ಕೊಡೋನೂ ಅವ್ನೇ, ಮಾಲು ತಿನ್ನೋನೂ ಅವ್ನೇ” ಎಂದು ನಗುತ್ತಿದ್ದಳು.

ಸಬ್ಹಾಳಿಗೆ ನಗಲು ಬಹಳ ಕಾರಣಗಳೇನೂ ಇರಲಿಲ್ಲ, ಹಾಗಂತ ಅವಳು ಅಳುಮುಂಜಿಯೂ ಅಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡ ಜ್ವರದಲ್ಲಿ ಹೋದ. ಮಕ್ಕಳಿಲ್ಲ. ತಮ್ಮ ಸ್ವೇಲಿಂನ ಡೇರೆಗೆ ಬಂದು ಸೇರಿದಳು, ಅವನ ಆಡುಗಳನ್ನು ತನ್ನವೆಂದು ಮೇಯಿಸಿದಳು. ದಿನವಿಡೀ ಬೆಟ್ಟದಲ್ಲಿ ಆಡುಗಳ ಹಿಂದೆ ನಡೆಯುವುದು, ನಡೆಯುತ್ತಲೇ ತಕಲಿಯಲ್ಲಿ ಆಡುಗೂದಲು ನೂಲುವುದು, ಮಧ್ಯಾಹ್ನ ಜಾಲಿಯ ನೆರಳಲ್ಲಿ ಬೂದಿಯಲ್ಲಿ ಸುಟ್ಟ ರೊಟ್ಟಿ ಮುರಿಯುವುದು. ಹೀಗೆ ಕೂದಲು ನರೆಯಿತು. ಇಷ್ಟು ವರ್ಷ ಅವಳ ಜೊತೆ ತಪ್ಪದೆ ಬೆಟ್ಟ ಹತ್ತಿದವನು ಖಾಜಿ ಒಬ್ಬನೇ.

ಸುಮ್ಮನೆ ಜೊತೆ ಬರುವ ಹಕ್ಕಿಯಲ್ಲ ಅದು. ಆಡು ಈಯುವ ಹೊತ್ತು ಅವಳಿಗಿಂತ ಮೊದಲು ಅದಕ್ಕೆ ಗೊತ್ತು, ಈದ ಮೇಲೆ ಬೀಳುವ ಸತ್ತೆ ತಿನ್ನಲು ಹೆಂಡತಿಯನ್ನೂ ಕರೆದುಕೊಂಡು ಬಂದು ಕಾಯುತ್ತಿತ್ತು. ಮೇಲಿನ ಬಂಡೆಯಲ್ಲಿ ತೋಳ ಇದ್ದರೆ ಅದರ ಕೂಗೇ ಬೇರೆ, ಆ ಕೂಗಿಗೆ ಆಡುಗಳೂ ತಲೆ ಎತ್ತುತ್ತಿದ್ದವು. ನಾಯಿಗೆ ಮೂಳೆ ಸಿಕ್ಕರೆ ಗಂಡ ಹಿಂದಿನಿಂದ ಬಾಲ ಎಳೆಯುವುದು, ನಾಯಿ ತಿರುಗಿದೊಡನೆ ಹೆಂಡತಿ ಮೂಳೆ ಎತ್ತುವುದು. ರೊಟ್ಟಿ ಚೂರು ಕೊಟ್ಟರೆ ತಕ್ಷಣ ತಿನ್ನದೆ ಬಚ್ಚಿಡುತ್ತಿತ್ತು. ಬಚ್ಚಿಡುವಾಗ ನೀವು ನೋಡುತ್ತಿದ್ದೀರಿ ಎಂದು ಗೊತ್ತಾಯಿತೋ, ಒಂದು ಸಂದಿಯಲ್ಲಿ ಇಟ್ಟಂತೆ ಮಾಡಿ, ಮೇಲೆ ಕಲ್ಲು ಮುಚ್ಚಿದಂತೆ ಮಾಡಿ, ರೊಟ್ಟಿಯನ್ನು ಗಂಟಲಲ್ಲೇ ಇಟ್ಟುಕೊಂಡು ಬೇರೆ ಕಡೆಗೆ ಹಾರುತ್ತಿತ್ತು! ಮೊದಲ ಸಲ ಆ ಸಂದಿಯಲ್ಲಿ ಕೈ ಹಾಕಿ ಬರೀ ಮಣ್ಣು ಸಿಕ್ಕಾಗ ಸಬ್ಹಾ ಒಬ್ಬಳೇ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು.

ಇನ್ನೊಂದು ವಿದ್ಯೆಯೂ ಅದಕ್ಕಿತ್ತು. ಸಬ್ಹಾ ರೊಟ್ಟಿಯ ಬಟ್ಟೆಯನ್ನು ಈ ಬೆಟ್ಟದವರೆಲ್ಲ ಕಟ್ಟುವ ಹಾಗೆ ಕಟ್ಟುತ್ತಿದ್ದಳು, ಎರಡು ಸುತ್ತು, ಒಂದು ಕುಣಿಕೆ, ಹೊರಗೆ ಇಳಿಬಿಟ್ಟ ಒಂದು ತುದಿ. ಎಷ್ಟು ಬಿಗಿಯಾದರೂ ಸರಿ, ಆ ತುದಿ ಹಿಡಿದೆಳೆದರೆ ಗಂಟು ಸರಕ್ಕನೆ ಬಿಚ್ಚುತ್ತದೆ. ವರ್ಷಗಟ್ಟಲೆ ನೋಡಿ ನೋಡಿ ಖಾಜಿ ಒಂದು ದಿನ ತಾನೇ ಆ ತುದಿ ಎಳೆಯಿತು. ಅಂದಿನಿಂದ ಅದು ಇಬ್ಬರ ಆಟವಾಯಿತು. ಅವಳು ಕಟ್ಟುವುದು, ಅದು ಬಿಚ್ಚುವುದು. ತುಂಟ ಮಗುವಿನ ಗುಟ್ಟನ್ನು ತಾಯಿ ಮುಚ್ಚಿಡುವ ಹಾಗೆ ಅವಳು ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೂ ಯಾರು ಕೇಳುತ್ತಿದ್ದರು? ಆ ಬೆಟ್ಟದಲ್ಲಿ ಕಾಗೆ ಎಂದರೆ ಆಪ್ತರನ್ನು ಅಗಲಿಸುವ ಹಕ್ಕಿ, ಅಪಶಕುನ.

ಎಲ್ಲರಿಗಿಂತ ಹೆಚ್ಚು ಹಾಗೆ ನಂಬಿದವನು ಅವಳ ತಮ್ಮನೇ. ಸ್ವೇಲಿಂ ಒಂಟೆಯ ಮೇಲೆ ಹೇರು ಸಾಗಿಸುವವನು, ಆಳು ದೊಡ್ಡವನು, ಮಾತು ಮಾತ್ರ ತೊದಲು. ನಾಲ್ಕು ಜನ ಹಿರಿಯರು ಎದುರಿಗೆ ಕೂತರೆ ಅವನ ಬಾಯಿ ಒಣಗಿ, ನಾಲಿಗೆ ಅಂಗುಳಕ್ಕೆ ಅಂಟಿ, ಸ್ವಂತ ಹೆಸರು ಹೇಳುವುದಕ್ಕೂ ನೀರು ಕೇಳುತ್ತಿದ್ದ. ಅವನ ಹೆಂಡತಿ ಹೆರಿಗೆಯಲ್ಲಿ ತೀರಿಹೋದ ಬೆಳಗ್ಗೆ ಖಾಜಿ ಡೇರೆಯ ಕಂಬದ ಮೇಲೆ ಕೂತು ಕೂಗಿತ್ತು. ಅದನ್ನು ಅವನು ಮರೆಯಲಿಲ್ಲ. ದಿನಾ ಬೆಳಗ್ಗೆ ಎದ್ದು ಅದರ ಮೇಲೆ ಒಂದು ಕಲ್ಲು ಬೀಸುತ್ತಿದ್ದ.

ಖಾಜಿಯೂ ಬುದ್ಧಿವಂತನೇ. ಸ್ವೇಲಿಂನ ಕಲ್ಲು ಎಲ್ಲಿಯವರೆಗೆ ಬೀಳುತ್ತದೆ ಎಂದು ಅಳೆದುಕೊಂಡು, ಅಲ್ಲಿಂದ ಒಂದು ಮೊಳ ಆಚೆ ಕೂರುತ್ತಿತ್ತು. ಕಲ್ಲು ಬಿದ್ದ ಮೇಲೆ ನಿಧಾನವಾಗಿ ನಡೆದು ಬಂದು ಅದನ್ನು ಕೊಕ್ಕಿನಿಂದ ತಿರುಗಿಸಿ ನೋಡುವುದು ಬೇರೆ.

“ನೋ... ನೋಡಕ್ಕ, ಅಣಕಿಸ್ತಾ ಇದೆ!”

“ಅಣಕಿಸದೇ ಇನ್ನೇನು ಮಾಡುತ್ತೆ? ಇಷ್ಟು ವರ್ಷದಲ್ಲಿ ನಿನ್ ಗುರಿ ಒಂದಿನಾನಾದ್ರೂ ನೆಟ್ಟಗಾಗಿದೆಯಾ?”

ಆ ವಸಂತದಲ್ಲಿ ಕೆಳಕಣಿವೆಯ ಮುತ್ಲಕ್ ಮನೆಯವರು ಹುಲ್ಲು ಹುಡುಕಿಕೊಂಡು ಮೇಲಿನ ಬಯಲಿಗೆ ಹೋದರು. ಮುತ್ಲಕ್ ಎಂದರೆ ಆ ಕಡೆಯ ಹಿರಿಯ, ಗಟ್ಟಿ ಕುಳ, ಮಾತು ಕಡಿಮೆ, ಮೀಸೆ ಜಾಸ್ತಿ. ಹೋಗುವಾಗ ಎಲ್ಲರೂ ಮಾಡುವ ಹಾಗೆ ಅವರೂ ಸದ್ಯಕ್ಕೆ ಬೇಡದ ಸಾಮಾನನ್ನೆಲ್ಲ ಚೀಲಗಳಲ್ಲಿ ಕಟ್ಟಿ, ಕಣಿವೆಯ ಬಾಯಲ್ಲಿರುವ ಹಳೆಯ ಜಾಲಿಮರಕ್ಕೆ ನೇತುಹಾಕಿ ಹೋದರು. ಮರಕ್ಕೆ ನೇತುಹಾಕಿದ್ದು ಮಸೀದಿಯಲ್ಲಿಟ್ಟ ಹಾಗೆ. ಉಪವಾಸ ಸಾಯುವವನೂ ಅದನ್ನು ಮುಟ್ಟುವುದಿಲ್ಲ. ಮರದಿಂದ ಕದ್ದವನಿಗೆ ಆಮೇಲೆ ಯಾರೂ ಹೆಣ್ಣು ಕೊಡುವುದಿಲ್ಲ, ಕಾಫಿ ಕೊಡುವುದಿಲ್ಲ, ಕೊನೆಗೆ ಸಲಾಮನ್ನೂ ಕೊಡುವುದಿಲ್ಲ.

ವಾಪಸು ಬಂದಾಗ ಒಂದು ಚೀಲದ ಬಾಯಿ ಬಿಚ್ಚಿಕೊಂಡಿತ್ತು. ಒಳಗಿದ್ದ ಒಣಗಿಣ್ಣಿನ ಪುಟ್ಟ ಚೀಲ ಮಾಯ. ಮುತ್ಲಕ್‌ನ ಹೆಂಡತಿ ಹಿಲಾಲಾ ಎದೆ ಎದೆ ಬಡಿದುಕೊಂಡಳು. ಕಿರಿಮಗಳ ಮದುವೆಗೆಂದು ಕಾಪಾಡಿಕೊಂಡು ಬಂದಿದ್ದ, ತನ್ನ ತಾಯಿಯ ಬೆಳ್ಳಿಬಳೆಗಳನ್ನು ಅವಳು ಆ ಗಿಣ್ಣಿನುಂಡೆಗಳ ನಡುವೆ ಅಡಗಿಸಿಟ್ಟಿದ್ದಳು. ಜಾಣತನ ಮಾಡಲು ಹೋಗಿ ಅವಳು ಕೈಯಾರೆ ಕಳೆದುಕೊಂಡಿದ್ದಳು.

ಮೃಗ ಹರಿಯುತ್ತದೆ, ಮನುಷ್ಯ ಬಿಚ್ಚುತ್ತಾನೆ. ಇದು ಅಲ್ಲಿಯ ಗಾದೆ. ಚೀಲ ಹರಿದಿರಲಿಲ್ಲ, ಗಂಟು ಚೊಕ್ಕವಾಗಿ ಬಿಚ್ಚಿತ್ತು. ಅಂದ ಮೇಲೆ ಮನುಷ್ಯನದೇ ಕೈ. ಇನ್ನು ನೆಲ ನೋಡಬೇಕು. ನೆಲ ಓದುವುದರಲ್ಲಿ ಆ ಜನ ಎತ್ತಿದ ಕೈ, ಯಾರ ಒಂಟೆ, ಹೇರಿತ್ತೋ ಇಲ್ಲವೋ, ಯಾವ ಕಾಲು ಕುಂಟು, ಎಲ್ಲ ಹೇಳಿಬಿಡುತ್ತಾರೆ. ಮರದ ಕೆಳಗೆ ಒಬ್ಬನದೇ ಹೆಜ್ಜೆ ಇತ್ತು. ಎಡ ಚಪ್ಪಲಿಯ ಹಿಮ್ಮಡಿ ಸವೆದದ್ದು. ಸ್ವೇಲಿಂನದು.

“ನೆಲ ಸುಳ್ಳು ಹೇಳಲ್ಲ” ಎಂದ ಮುತ್ಲಕ್.

ಹಿರಿಯರು ಕೂತರು, ಸ್ವೇಲಿಂನನ್ನು ಕರೆಸಿದರು. ಮರದ ಕೆಳಗೆ ನಿಂತಿದ್ದೆಯಾ ಎಂದರೆ ಹೌದು. ಏಕೆ ಎಂದರೆ ಚಪ್ಪಲಿಯ ವಾರು ಕಿತ್ತಿತ್ತು, ನೆರಳಲ್ಲಿ ಕೂತು ಕಟ್ಟಿಕೊಂಡೆ. ಚೀಲ ಮುಟ್ಟಿದೆಯಾ ಎಂದಾಗ ಮಾತ್ರ ಪಾಪ, ಅವನ ಬಾಯಿ ಒಣಗಿತು. ‘ಇಲ್ಲ’ ಎನ್ನುವ ಎರಡಕ್ಷರ ಹೊರಬರಲು ಅವನು ಮುಖ ಕೆಂಪು ಮಾಡಿ, ಬೆವರಿ, ಕಣ್ಣಲ್ಲಿ ನೀರು ತಂದುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಕಳ್ಳನಲ್ಲದವನೂ ಹೆಗಲು ಮುಟ್ಟಿಕೊಳ್ಳುತ್ತಾನೆ ಎನ್ನುವುದು ಗಾದೆ ಮಾಡಿದವನಿಗೆ ಗೊತ್ತಿರಲಿಲ್ಲವೇನೋ!

ಸಾಕ್ಷಿ ಇಲ್ಲದ ಕಳವಿಗೆ ಅಲ್ಲಿ ಉಳಿಯುವುದು ಒಂದೇ ದಾರಿ. ಕಾಫಿ ಹುರಿಯುವ ಕಬ್ಬಿಣದ ಸೌಟನ್ನು ಕೆಂಡದಲ್ಲಿ ಕೆಂಪಗೆ ಕಾಯಿಸುತ್ತಾರೆ, ಆರೋಪ ಹೊತ್ತವನು ಅದನ್ನು ನೆಕ್ಕಬೇಕು. ಸತ್ಯವಂತನ ನಾಲಿಗೆ ಒದ್ದೆ ಇರುತ್ತದೆ, ಸುಡುವುದಿಲ್ಲ. ಸುಳ್ಳನ ನಾಲಿಗೆ ಭಯಕ್ಕೆ ಒಣಗಿರುತ್ತದೆ, ಬೊಬ್ಬೆ ಬರುತ್ತದೆ. ಸೌಟು ಹಿಡಿಯುವ ಮನೆತನದವನಿಗೆ ಹೇಳಿಕಳಿಸಿದರು, ಶುಕ್ರವಾರ ಬರುತ್ತೇನೆಂದ. ಸ್ವೇಲಿಂ ತಲೆಯಾಡಿಸಿ ಒಪ್ಪಿಕೊಂಡ. ಒಲ್ಲೆ ಎಂದರೆ ಕದ್ದೆ ಎಂದ ಹಾಗೆ.

ಸಬ್ಹಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೆಸರು ಕೇಳಿದರೆ ಒಣಗುವ ನಾಲಿಗೆ ಕೆಂಪು ಸೌಟಿನ ಎದುರು ಒದ್ದೆ ಉಳಿಯುತ್ತದೆಯೇ? ಸುಡುತ್ತದೆ. ಖಂಡಿತ ಸುಡುತ್ತದೆ. ಇದ್ದದ್ದು ಅರ್ಧ ನಾಲಿಗೆ, ಅದೂ ಹೋಗುತ್ತದೆ, ಜೊತೆಗೆ ಕಳ್ಳ ಎನ್ನುವ ಹೆಸರು ಸಾಯುವವರೆಗೆ ಉಳಿಯುತ್ತದೆ.

“ನೀನು ಮುಟ್ಟಿಲ್ಲ ತಾನೇ?” ಎಂದು ಒಂದೇ ಒಂದು ಸಲ ಕೇಳಿದಳು.

ಅವನು ಅವಳ ಮುಖ ನೋಡಿದ. ಕೇಳಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಮರುದಿನ ಮಧ್ಯಾಹ್ನ ಬೆಟ್ಟದಲ್ಲಿ ಅವಳಿಗೆ ತುತ್ತು ಇಳಿಯಲಿಲ್ಲ. ರೊಟ್ಟಿಯ ಗಂಟನ್ನು ಪಕ್ಕದಲ್ಲಿಟ್ಟು ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಖಾಜಿ ಎಂದಿನಂತೆ ನಡೆದು ಬಂತು, ತಲೆ ಓರೆ ಮಾಡಿತು, ಇಳಿಬಿಟ್ಟ ತುದಿ ಹಿಡಿದು ಎಳೆಯಿತು. ಗಂಟು ಸರಕ್ಕನೆ ಬಿಚ್ಚಿತು. ಅಭ್ಯಾಸಬಲದಿಂದ ಸಬ್ಹಾ ನಕ್ಕಳು. ನಗು ಅರ್ಧಕ್ಕೇ ನಿಂತಿತು.

“ಖಾಜಿ,” ಎಂದಳು, “ನೀನಾ?”

ಖಾಜಿ ರೊಟ್ಟಿ ಮುರಿಯುವುದರಲ್ಲಿ ಮಗ್ನವಾಗಿತ್ತು.

ಕೊಂಬೆಯ ಮೇಲೆ ಕೂತು ಚೀಲದ ತುದಿ ಎಳೆದವನ ಹೆಜ್ಜೆ ನೆಲದಲ್ಲಿ ಎಲ್ಲಿಂದ ಸಿಗಬೇಕು? ಕಲಿಸಿದವಳು ಯಾರು? ತಾನೇ. ಸಬ್ಹಾ ಆ ಮಧ್ಯಾಹ್ನವೆಲ್ಲ ಅದನ್ನು ನೋಡುತ್ತ ಕೂತಳು. ಹೇಳಿದರೆ ತಮ್ಮನ ನಾಲಿಗೆ ಉಳಿಯಬಹುದು. ಆದರೆ ಮುತ್ಲಕ್‌ನ ಮಕ್ಕಳ ಬಳಿ ಕೋವಿ ಇದೆ, ಮತ್ತು ಈ ಹಕ್ಕಿ ಅವಳೊಬ್ಬಳು ಇದ್ದಲ್ಲಿ ಮಾತ್ರ ನಂಬಿ ಹತ್ತಿರ ಬರುತ್ತದೆ. ನಂಬಿ ಬಂದದ್ದನ್ನು ತಾನೇ ಹಿಡಿದುಕೊಟ್ಟ ಹಾಗೆ. ಅವಳಿಗೆ ಅಳು ಬಂತು, ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಆಡುಗಳನ್ನು ಹೊಡೆದುಕೊಂಡು ಸೀದಾ ಮುತ್ಲಕ್‌ನ ಡೇರೆಗೆ ಹೋದಳು.

“ಕಾಗೆನಾ?” ಮುತ್ಲಕ್‌ನ ದೊಡ್ಡ ಮಗ ಬಿದ್ದು ಬಿದ್ದು ನಕ್ಕ. “ಸಬ್ಹಾ ಅತ್ತೆ, ಬಳೆ ಕೈಗೆ ಹಾಕ್ಕೊಂಡು ಹೋಯ್ತಾ, ಕಾಲಿಗೆ ಹಾಕ್ಕೊಂಡು ಹೋಯ್ತಾ?”

“ನಿನ್ ತಲೇಲಿರೋದಕ್ಕಿಂತ ಅದರ ತಲೇಲಿ ಜಾಸ್ತಿ ಇದೆ, ಸುಮ್ನಿರು” ಎಂದಳು ಸಬ್ಹಾ. “ಚಿಕ್ಕಪ್ಪಾ, ನಾಳೆ ಮರಕ್ಕೆ ಒಂದು ಚೀಲ ಕಟ್ಟಿ. ನೀವೇ ನೋಡಿ.”

ನೋಡಲು ಇಡೀ ಬಿಡಾರವೇ ಬಂತು. ಜಾತ್ರೆಯಂತೆ ಜನ ಕೂತರೆ ಖಾಜಿ ಬರುತ್ತದೆಯೇ? ದೂರದ ಶಿಖರದ ಮೇಲೆ ಚುಕ್ಕೆಯಂತೆ ಕಾಣಿಸಿಕೊಂಡು, ಕೋವಿ ಹಿಡಿದ ಮಗನನ್ನು ನೋಡಿ, ಅಲ್ಲಿಂದಲೇ ಮಾಯವಾಯಿತು. ಸಂಜೆಯವರೆಗೆ ಕಾದ ಜನ ಗೇಲಿ ಮಾಡಿಕೊಂಡು ಎದ್ದುಹೋದರು. ‘ತಮ್ಮ ಕದ್ದ, ಅಕ್ಕನಿಗೆ ತಲೆ ಕೆಟ್ಟಿತು’ ಎನ್ನುವ ಮಾತೂ ಅವಳ ಕಿವಿಗೆ ಬಿತ್ತು.

ಸಬ್ಹಾ ಮುತ್ಲಕ್‌ನ ದಾರಿಗೆ ಅಡ್ಡ ನಿಂತಳು.

“ಚಿಕ್ಕಪ್ಪಾ, ಒಂದು ಮಾತು. ಶುಕ್ರವಾರ ಅವನ ನಾಲಿಗೆ ಸುಟ್ಟ ಮೇಲೆ, ಮುಂದೆ ಯಾವತ್ತಾದ್ರೂ ಯಾವ್ದೋ ಬಂಡೆ ಸಂದೀಲಿ ನಿಮ್ಮ ಬಳೆ ಸಿಕ್ತು ಅನ್ಕೊಳ್ಳಿ. ಆವತ್ತು ನಿಮ್ಮ ಗಂಟಲಲ್ಲಿ ಕಾಫಿ ಇಳಿಯುತ್ತಾ?”

ಮುತ್ಲಕ್ ಮೀಸೆ ಸವರಿಕೊಂಡ. ಸ್ವೇಲಿಂನನ್ನು ಅವನು ಹುಟ್ಟಿದಾಗಿನಿಂದ ಬಲ್ಲ. ಅವನ ಒಂಟೆಯ ಮೇಲೇ ಮನೆಯ ಹಿಟ್ಟು ಬರುತ್ತಿತ್ತು, ಒಂದು ಹಿಡಿ ಕಡಿಮೆಯಾಗಿದ್ದಿಲ್ಲ.

“ಏನ್ ಮಾಡ್ಬೇಕು?” ಎಂದ ಕೊನೆಗೆ.

“ಕೋವಿ ಬೇಡ, ಮಕ್ಕಳು ಬೇಡ. ನೀವೊಬ್ರೇ ಬನ್ನಿ. ಆದ್ರೆ ನಿಮ್ಮ ಮುಖ ಅದಕ್ಕೆ ಗೊತ್ತು. ಅದಕ್ಕೇ...” ಅವಳು ಗಂಟಲು ಸರಿ ಮಾಡಿಕೊಂಡಳು. “ನನ್ನ ಹಳೇ ಕಪ್ಪು ಬಟ್ಟೆ ಹೊದ್ಕೊಂಡು, ಮುಸುಕು ಹಾಕ್ಕೊಂಡು ಬರ್ಬೇಕು.”

“ನಾನು? ಹೆಂಗಸಿನ ಬಟ್ಟೆ?”

“ನನಗೆ ಹುಷಾರಿಲ್ಲದಾಗ ಪಕ್ಕದ ಡೇರೆಯ ನಸ್ರಾ ಅದನ್ನೇ ಹೊದ್ದು ಆಡು ಕಾದಿದ್ಳು. ಮಾತಾಡೋವರ್ಗೂ ಖಾಜಿಗೆ ಗೊತ್ತಾಗ್ಲಿಲ್ಲ. ಗೊತ್ತಾದ್ಮೇಲೆ ಸಿಟ್ಟಾಗಿ ವಾರಗಟ್ಟಲೆ ನನ್ ಹತ್ರಾನೂ ಬರ್ಲಿಲ್ಲ ಬಿಡಿ.”

ಡೇರೆಯ ಒಳಗಿಂದ ಹಿಲಾಲಾಳ ದನಿ ಬಂತು. “ಹೋಗಿ ಬನ್ನಿ. ಮೀಸೆ ಮುಸುಕಿನೊಳಗೇ ಇರುತ್ತೆ, ಯಾರೂ ಕಿತ್ಕೊಳ್ಳಲ್ಲ. ನನ್ ತಾಯಿ ಬಳೆ ಬೇಕು ನಂಗೆ.”

ಹಾಗೆ ಗುರುವಾರ ಬೆಳಗ್ಗೆ, ಇಡೀ ಕಣಿವೆ ತಲೆಬಾಗುವ ಮುತ್ಲಕ್, ಸಬ್ಹಾಳ ತೇಪೆ ಹಾಕಿದ ಕಪ್ಪು ಬಟ್ಟೆ ಹೊದ್ದು, ಕಣ್ಣಷ್ಟೇ ಕಾಣುವಂತೆ ಮುಸುಕೆಳೆದುಕೊಂಡು, ಆಡುಗಳ ನಡುವೆ ತಕಲಿ ಹಿಡಿದು ಕೂತ. ಕರಿ ಆಡು ಬಂದು ಅವನ ಸೆರಗು ಅಗಿಯತೊಡಗಿತು.

“ಇದನ್ನ ಓಡ್ಸು!”

“ಶ್! ಮಾತಾಡ್ಬೇಡಿ. ತಕಲಿ ತಿರುಗಿಸಿ. ಅಯ್ಯೋ, ಹಾಗಲ್ಲ, ಹಗ್ಗ ಹೊಸೀತಿದ್ದೀರಾ?”

ಮರದಲ್ಲಿ ಗಿಣ್ಣಿನ ಪುಟ್ಟ ಚೀಲವಿದ್ದ ದೊಡ್ಡ ಚೀಲ, ಅದೇ ಕೊಂಬೆ, ಅದೇ ಗಂಟು. ಬಿಸಿಲು ಏರಿತು. ಸಬ್ಹಾ ಆಡುಗಳನ್ನು ಬೈಯುತ್ತ, ಮರದ ಕಡೆ ನೋಡದೆ ನೂಲುತ್ತಲೇ ಇದ್ದಳು. ರೆಕ್ಕೆಯ ಸದ್ದು ಮೊದಲು ಕೇಳಿತು. ಖಾಜಿ ಕೊಂಬೆಯ ಮೇಲಿಳಿದು ಎರಡೂ ಕಪ್ಪು ಬಟ್ಟೆಗಳನ್ನು ನೋಡಿತು. ಒಂದು ಹೆಚ್ಚಾಗಿದೆಯಲ್ಲ ಎಂದು ತಲೆ ಓರೆ ಮಾಡಿತು. ಆಮೇಲೆ ಕೊಂಬೆಯ ಮೇಲೆ ಪಕ್ಕಪಕ್ಕಕ್ಕೆ ಹೆಜ್ಜೆ ಹಾಕಿ, ಬಗ್ಗಿ, ಇಳಿಬಿಟ್ಟ ತುದಿ ಹಿಡಿದು ಒಂದು ಎಳೆತ. ಬಿಚ್ಚಲಿಲ್ಲ. ಎಳೆದ ತುದಿಯನ್ನು ಕಾಲಲ್ಲಿ ಮೆಟ್ಟಿಕೊಂಡು, ಮತ್ತೆ ಹಿಡಿದು ಎಳೆಯಿತು. ಗಂಟು ಸರಕ್ಕನೆ ಬಿಚ್ಚಿ ಚೀಲದ ಬಾಯಿ ತೆರೆಯಿತು. ಖಾಜಿ ತಲೆ ಒಳಗೆ ಹಾಕಿ ಗಿಣ್ಣಿನ ಚೀಲವನ್ನು ಎತ್ತಿಕೊಂಡಿತು.

ಮುತ್ಲಕ್‌ನ ಕೈಯಿಂದ ತಕಲಿ ಬಿದ್ದುಹೋಯಿತು.

“ಈಗ ಏಳಿ,” ಸಬ್ಹಾ ಪಿಸುಗುಟ್ಟಿದಳು, “ಆಡಿನ ಹಿಂದೆ ನಡೀರಿ. ಅದನ್ನ ನೋಡ್ಬೇಡಿ, ಆಡು ನೋಡಿ. ಬೆನ್ನು ಬಗ್ಗಿಸಿ ಚಿಕ್ಕಪ್ಪಾ, ಹೀಗೆ ಎದೆ ಸೆಟೆಸಿ ನಡೆದ್ರೆ ಅದಕ್ಕೆ ತಕ್ಷಣ ಗೊತ್ತಾಗುತ್ತೆ.”

“ಸೊಂಟ ನೋಯುತ್ತೆ ಕಣಮ್ಮ.”

“ನಮಗೂ ನೋಯುತ್ತೆ. ನಡೀರಿ.”

ಖಾಜಿ ಮೇಲಿನ ಬಂಡೆಗಳ ನಡುವೆ ಇಳಿಯಿತು. ಒಂದು ಸಂದಿಗೆ ಚೀಲ ತುರುಕಿ ಕಲ್ಲು ಮುಚ್ಚಿತು. ಮುತ್ಲಕ್ ಮುನ್ನುಗ್ಗಿದ. ಸಬ್ಹಾ ಅವನ ಸೆರಗು ಹಿಡಿದೆಳೆದಳು.

“ತಡೀರಿ! ಅದು ಸುಳ್ಳು. ನಮ್ಮನ್ನ ಪರೀಕ್ಷೆ ಮಾಡ್ತಿದೆ.”

ಇಬ್ಬರೂ ಆಡುಗಳ ಕಡೆ ತಿರುಗಿ ನಿಂತರು. ಕಣ್ಣಂಚಿನಲ್ಲೇ ನೋಡಿದಾಗ, ಹಕ್ಕಿ ಕಲ್ಲು ಸರಿಸಿ, ಅದೇ ಚೀಲವನ್ನು ಮತ್ತೆ ತೆಗೆದು, ಇನ್ನೂ ಮೇಲಕ್ಕೆ ಹಾರಿ, ಇನ್ನೊಂದು ಆಳವಾದ ಸೀಳಿನೊಳಗೆ ಇಟ್ಟು ಬಂತು.

“ಅಬ್ಬಬ್ಬಾ!” ಮುತ್ಲಕ್ ಮುಸುಕಿನೊಳಗೇ ಗೊಣಗಿದ. “ಇದು ನನ್ನ ಅಳಿಯನಿಗಿಂತ ಪಾಕಡಾ!”

ಖಾಜಿ ಹಾರಿಹೋದ ಮೇಲೆ ಕಪ್ಪು ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುತ್ಲಕ್ ಬಂಡೆ ಏರಿದ. ಸೀಳಿನೊಳಗೆ ಕೈ ಹಾಕಿದ. ಹೊಸ ಗಿಣ್ಣಿನ ಚೀಲ ಬಂತು. ಒಂದು ಮೀನಿನ ಡಬ್ಬಿಯ ಮುಚ್ಚಳ ಬಂತು. ಆಡಿನ ಒಣ ಕಿವಿ ಬಂತು. ಕೊನೆಗೆ ಹರಿದ ಹಳೆಯ ಚೀಲ ಬಂತು, ಅದರ ತಳದಲ್ಲಿ ಕಪ್ಪಗಾದ ಎರಡು ಬೆಳ್ಳಿಬಳೆ. ಗಿಣ್ಣು ಮಾತ್ರ ಪೂರ್ತಿ ಖಾಲಿ.

ಮುತ್ಲಕ್ ಅಲ್ಲೇ ಕುಸಿದು ಕೂತ. ಮುಸುಕು ತೆಗೆದು ಮುಖ ಒರೆಸಿಕೊಂಡ.

“ನೆಲ ಸುಳ್ಳು ಹೇಳಲಿಲ್ಲ” ಎಂದ ಆಮೇಲೆ. “ನಾನು ಮೇಲೆ ನೋಡಲಿಲ್ಲ.”

ಶುಕ್ರವಾರ ಸೌಟಿನವನು ಬಂದ. ಬಂದವನಿಗೆ ಕಾಫಿ ಕುಡಿಸಿದರು, ಸೌಟು ತಣ್ಣಗೇ ಉಳಿಯಿತು. ಮುತ್ಲಕ್ ಎಲ್ಲರೆದುರು ಎದ್ದು ನಿಂತು, ಹೆಂಗಸಿನ ಬಟ್ಟೆ ಹೊದ್ದದ್ದನ್ನೂ ಬಿಡದೆ, ಕಂಡದ್ದನ್ನು ಕಂಡಂತೆ ಹೇಳಿದ. ನಗು ತಡೆಯಲಾಗದೆ ಕೆಲವರು ಕೆಮ್ಮಿದರು. ಅವನ ಮಕ್ಕಳು ನಗಲಿಲ್ಲ. ಅಪ್ಪನಿಗೆ ಇಂಥ ಅವಮಾನ ತಂದ ಕಾಗೆಯನ್ನು ಇವತ್ತೇ ಉಡಾಯಿಸುತ್ತೇವೆ ಎಂದು ದೊಡ್ಡವನು ಕೋವಿ ಒರೆಸುತ್ತ ಕೂತಿದ್ದ. ಹೆಂಗಸರ ಕಡೆ ಕೂತಿದ್ದ ಸಬ್ಹಾಳಿಗೆ ಅದು ಕಾಣುತ್ತಿತ್ತು. ತಮ್ಮ ಉಳಿದ, ಅದು ಸಾಕು, ಇನ್ನೇನು ಕೇಳಲಿ ಎಂದು ತುಟಿ ಕಚ್ಚಿಕೊಂಡಿದ್ದಳು.

ಮರದ ಕಳವನ್ನು ನಿರಪರಾಧಿಯ ಮೇಲೆ ಹೊರಿಸಿದರೆ ಹೊರಿಸಿದವನು ತಪ್ಪುಕಾಣಿಕೆ ಕೊಡಬೇಕು, ಏನೆಂದು ನೊಂದವನೇ ಹೇಳಬೇಕು. ಅದೂ ಅಲ್ಲಿಯ ಕಟ್ಟಳೆ.

“ಕೇಳು ಸ್ವೇಲಿಂ,” ಎಂದ ಮುತ್ಲಕ್, “ಹೆಣ್ಣೊಂಟೆ ಕೇಳಿದ್ರೂ ಕೊಡ್ತೀನಿ. ಬಿಳೀದು. ಮರಿ ಸಮೇತ.”

ಗುಂಪಿನಲ್ಲಿ ಗುಸುಗುಸು ಎದ್ದಿತು. ಆ ಬಿಳಿ ಒಂಟೆಯ ಮೇಲೆ ಕಣ್ಣಿಡದವರು ಯಾರೂ ಇರಲಿಲ್ಲ. ಸ್ವೇಲಿಂ ಎದ್ದು ನಿಂತ. ಬಾಯಿ ಒಣಗಿತು. ಯಾರೋ ನೀರು ಚಾಚಿದರು. ಅವನು ಕೈಯಲ್ಲೇ ಬೇಡವೆಂದ.

“ಹ... ಹಕ್ಕಿ” ಎಂದ.

“ಏನು?”

“ಹಕ್ಕಿಗೆ ಗು... ಗುಂಡು ಬೀಳಬಾರದು. ಕ... ಕಲ್ಲೂ.”

“ದಿನಾ ಕಲ್ಲು ಹೊಡೆಯೋನು ನೀನೊಬ್ನೇ ಅಲ್ವೇನೋ!” ಎಂದು ಯಾರೋ ಹಿಂದಿನಿಂದ ಕೂಗಿದರು. ಎಲ್ಲರೂ ನಕ್ಕರು. ಸ್ವೇಲಿಂ ಕೂಡ ನಕ್ಕ. ಆಮೇಲೆ ನಗು ನಿಲ್ಲಿಸಿ, ಎರಡೂ ಕೈ ಬಿಗಿ ಹಿಡಿದು, ಒಂದೊಂದೇ ಮಾತನ್ನು ಬಾವಿಯಿಂದ ಸೇದುವವನಂತೆ ಹೊರತೆಗೆದ.

“ಹೆ... ಹೆಂಡತಿ ಸತ್ತ ದಿನ ಅದು ಕಂಬದ ಮೇಲೆ ಕೂತಿತ್ತು. ಕೂ... ಕೂತಿದ್ದಕ್ಕೆ ಅದರ ಮೇಲೆ ಹೊರಿಸ್ದೆ. ನಾನು ಮ... ಮರದ ಕೆಳಗೆ ಕೂತಿದ್ದೆ. ಕೂತಿದ್ದಕ್ಕೆ ನೀ... ನೀವು ನನ್ ಮೇಲೆ ಹೊರಿಸಿದ್ರಿ. ಎರಡೂ ಒಂ... ಒಂದೇ ಅಲ್ವಾ?”

ಅಷ್ಟು ಉದ್ದದ ಮಾತನ್ನು ಅವನು ಯಾರೆದುರೂ ಆಡಿರಲಿಲ್ಲ. ಯಾರೂ ಕೆಮ್ಮಲಿಲ್ಲ. ಮುತ್ಲಕ್ ತಿರುಗಿ ದೊಡ್ಡ ಮಗನತ್ತ ನೋಡಿದ. ಅವನು ಕೋವಿಯನ್ನು ಡೇರೆಯೊಳಗೆ ಇಟ್ಟು ಬಂದ. ಸಬ್ಹಾ ಮುಸುಕಿನೊಳಗೆ ಬಿಕ್ಕಿ ಬಿಕ್ಕಿ ಅತ್ತಳು, ಪಕ್ಕದಲ್ಲಿದ್ದ ಹಿಲಾಲಾ ಕರಿಹಿಡಿದ ಬಳೆ ತೊಟ್ಟ ಕೈಯಿಂದ ಅವಳ ಬೆನ್ನು ಸವರಿದಳು.

ಅಂದಿನಿಂದ ಆ ಕಣಿವೆಯವರು ಮರಕ್ಕೆ ಚೀಲ ಕಟ್ಟುವಾಗ ತುದಿ ಹೊರಗೆ ಬಿಡುವುದಿಲ್ಲ, ಒಳಗೆ ಸಿಕ್ಕಿಸುತ್ತಾರೆ. ಖಾಜಿ ಅದನ್ನೂ ಬಿಚ್ಚುವುದು ಕಲಿಯುತ್ತಿದೆ ಎನ್ನುವುದು ಸಬ್ಹಾಳಿಗೆ ಗೊತ್ತು. ಈ ಸಲ ಅವಳು ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದಾಳೆ.

ಸ್ವೇಲಿಂ ಬೆಳಗ್ಗೆ ಕಲ್ಲು ಎತ್ತುವುದು ಬಿಟ್ಟ. ಅದರ ಬದಲು ಒಂದು ಚೂರು ರೊಟ್ಟಿ ಹಿಡಿದು ನಿಲ್ಲುತ್ತಿದ್ದ. ಖಾಜಿ ನಂಬಬೇಕಲ್ಲ! ವರ್ಷಗಟ್ಟಲೆ ಕಲ್ಲು ಕಂಡ ಹಕ್ಕಿ ಅದು. ಕಲ್ಲು ಬೀಳುವ ಜಾಗಕ್ಕಿಂತ ಒಂದು ಮೊಳ ಆಚೆ, ಎಂದಿನ ಜಾಗದಲ್ಲೇ ಕೂತು, ಅವನ ಕೈಯನ್ನೇ ನೋಡುತ್ತಿತ್ತು. ಅವನು ರೊಟ್ಟಿ ಎಸೆದರೆ ಹಾರಿಹೋಗುತ್ತಿತ್ತು. ಅವನು ರೊಟ್ಟಿ ಇಟ್ಟು ಒಳಗೆ ಹೋದರೆ ಮಾತ್ರ ಬಂದು ಎತ್ತಿಕೊಳ್ಳುತ್ತಿತ್ತು.

ಬೇಸಿಗೆ ಕಳೆಯಿತು. ಒಂದು ಬೆಳಗ್ಗೆ ಸಬ್ಹಾಳಿಗೆ ತಾಳ್ಮೆ ಕೆಟ್ಟಿತು.

“ಎಷ್ಟು ದಿನ ಅಂತ ಹೀಗೆ ನಿಲ್ತೀಯೋ? ನನ್ನ ಕಪ್ಪು ಬಟ್ಟೆ ತಗೋ, ಹೊದ್ಕೊ. ಕೈಗೇ ಬರುತ್ತೆ.”

“ಬೇಡಕ್ಕ” ಎಂದ ಸ್ವೇಲಿಂ. “ನನ್ ಮುಖ ನೋಡ್ಕೊಂಡೇ ಬರ್ಲಿ.”

ಆ ಮಾತಿನಲ್ಲಿ ಒಂದಕ್ಷರವೂ ತೊದಲಲಿಲ್ಲ. ಸಬ್ಹಾ ಚಹಾದ ಲೋಟ ಹಿಡಿದು ಅಲ್ಲೇ ನಿಂತಳು. ಒಲೆಯನ್ನೂ ಬೈಯಲಿಲ್ಲ, ಆಡನ್ನೂ ಬೈಯಲಿಲ್ಲ. ಖಾಜಿ ತಲೆಯನ್ನು ಈ ಕಡೆ ಓರೆ ಮಾಡಿತು, ಆ ಕಡೆ ಓರೆ ಮಾಡಿತು. ಸ್ವೇಲಿಂ ಅಲ್ಲಾಡಲಿಲ್ಲ. ಆಮೇಲೆ ಅದು ತನ್ನ ಹಿರಿಯರ ಗತ್ತಿನಲ್ಲೇ ನಡೆದು ಬಂದು, ಕಲ್ಲು ಬೀಳುವ ಜಾಗವನ್ನು ದಾಟಿ, ಒಂದು ಮೊಳ ಈಚೆ ನಿಂತಿತು.